ಮನೆಯ ಡೇಕೇರ್‌ನಲ್ಲಿ ವಾಂತಿ, ಭೇದಿ: ಮೊದಲ ಗಂಟೆಯಿಂದ ಮಕ್ಕಳು ಮರಳುವವರೆಗೆ

ಎರಡು ವರ್ಷದ ಮಗುವಿಗೆ ಹೊಟ್ಟೆ ತೊಳಸುತ್ತಿದ್ದರೆ ಅದನ್ನು ಹೇಳಲು ಮಾತು ಸಾಲದು. ಕಿವಿ ನೋವಿಗೂ, ನಿದ್ದೆಗೂ, ಅಮ್ಮನ ನೆನಪಿಗೂ, ಹೊಟ್ಟೆ ಸಂಕಟಕ್ಕೂ ಅದರ ಬಳಿ ಇರುವುದು ಒಂದೇ ಅಳು. ಮನೆಯಲ್ಲಿಯೇ ಡೇಕೇರ್ ನಡೆಸುವ ನನ್ನಂಥವರಿಗೆ ಕಾಯಿಲೆ ಖಚಿತವಾದ ಮೇಲೆ ದಾರಿ ಸ್ಪಷ್ಟ. ಹೌದೋ ಅಲ್ಲವೋ ಎಂದು ತಿಳಿಯದ ಆರಂಭದ ಕೆಲವು ಗಂಟೆಗಳೇ ಕಠಿಣ. ಸೋಂಕು ಉಳಿದ ಮಕ್ಕಳಿಗೆ ದಾಟುವುದೂ ಹೆಚ್ಚಾಗಿ ಆ ಗಂಟೆಗಳಲ್ಲಿಯೇ. ಈಚೆಗೆ ನಮ್ಮಲ್ಲಿ ಅಂಥದೊಂದು ಸರದಿ ಬಂದು ಹೋಯಿತು. ಅದನ್ನು ನಿಭಾಯಿಸಿದ ಬಗೆಯನ್ನು, ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಆ ಹುಡುಗ ಬೆಳಿಗ್ಗೆ ಬಂದಾಗ ಚೆನ್ನಾಗಿಯೇ ಇದ್ದ. ಎಂದೂ ಮಡಿಲಲ್ಲಿ ಕೂರದವನು ಅಂದು ಇಳಿಯಲು ಒಪ್ಪಲಿಲ್ಲ. ತಿಂಡಿಯ ತಟ್ಟೆಯನ್ನು ದೂಡಿದ. ಸ್ವಲ್ಪ ಹೊತ್ತಿಗೆ ಡಯಾಪರ್‌ನಲ್ಲಿ ನೀರಾದ ಮಲ. ಒಂದು ಸಲ ತೆಳುವಾಗಿ ಹೋದರೆ ಅದು ಭೇದಿಯಲ್ಲ. 24 ಗಂಟೆಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಹಾಗಾದರೆ ಭೇದಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಂಟಿಬಯಾಟಿಕ್ ಕುಡಿಯುತ್ತಿರುವ ಮಗುವಿಗೆ ಹೀಗಾಗುತ್ತದೆ, ಹಣ್ಣಿನ ರಸ ಹೆಚ್ಚು ಕುಡಿದ ಮಗುವಿಗೂ ಆಗುತ್ತದೆ. ಕೆಮ್ಮಿನ ಭರಕ್ಕೆ ಬರುವ ವಾಂತಿಯೇ ಬೇರೆ. ಆದ್ದರಿಂದ ತಾಯಿಗೆ ಒಂದು ಸಂದೇಶ ಕಳಿಸಿ ಕೇಳಿದೆ: ರಾತ್ರಿ ಹೇಗಿದ್ದ, ಹೊಸ ಔಷಧಿ ಏನಾದರೂ ಇದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೊಟ್ಟೆ ಕೆಟ್ಟಿದೆಯೇ? ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ಉತ್ತರ ಬಂತು: "ಅವರಪ್ಪನಿಗೆ ಮೊನ್ನೆ ಸ್ವಲ್ಪ ಹೊಟ್ಟೆ ಸರಿ ಇರಲಿಲ್ಲ ಅಕ್ಕ. ಇವನಿಗೆ ಹಲ್ಲು ಬರುತ್ತಿದೆ, ಅದಕ್ಕೇ ಇರಬೇಕು."

ಹಲ್ಲಿನ ಮಾತನ್ನು ನಾನು ಎಷ್ಟೋ ತಾಯಂದಿರಿಂದ ಕೇಳಿದ್ದೇನೆ. ಹಲ್ಲು ಮೂಡುವಾಗ ಜೊಲ್ಲು ಸುರಿಯುತ್ತದೆ, ಕಿರಿಕಿರಿ ಇರುತ್ತದೆ. ಆದರೆ ನಿಜವಾದ ಭೇದಿಗೆ ಹಲ್ಲು ಕಾರಣವಲ್ಲ. ಆ ವಯಸ್ಸಿನಲ್ಲಿ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಸೋಂಕು ಆ ದಾರಿಯಲ್ಲಿ ಬರುತ್ತದೆ, ಅಪವಾದ ಹಲ್ಲಿನ ಮೇಲೆ ಬೀಳುತ್ತದೆ. ಅಪ್ಪನ ಹೊಟ್ಟೆಯ ಸುದ್ದಿ ಕೇಳಿದ ಮೇಲೆ ನಾನು ಕಾಯಲಿಲ್ಲ. ಚಿಕ್ಕ ಮಕ್ಕಳಲ್ಲಿ ವಾಂತಿ, ಭೇದಿಗೆ ಬಹುಪಾಲು ವೈರಸ್‌ಗಳೇ ಕಾರಣ, ಮುಖ್ಯವಾಗಿ ನೊರೊವೈರಸ್ ಮತ್ತು ರೋಟಾವೈರಸ್. ನೊರೊವೈರಸ್ ಒಳಹೊಕ್ಕ 12ರಿಂದ 48 ಗಂಟೆಗಳಲ್ಲಿ ಲಕ್ಷಣ ತೋರಿಸುತ್ತದೆ. ಮೊನ್ನೆ ಅಪ್ಪನಿಗೆ, ಇಂದು ಮಗನಿಗೆ ಎಂದರೆ ಲೆಕ್ಕ ಕೂಡುತ್ತದೆ.

ನನಗೆ ನೆರವಾಗಲು ಓರಗಿತ್ತಿ ಇದ್ದಾಳೆ. ಇಬ್ಬರೂ ಆಗಲೇ ಕೆಲಸ ಹಂಚಿಕೊಂಡೆವು. ಹುಡುಗ ನನ್ನ ಪಾಲಿಗೆ. ಉಳಿದ ಮಕ್ಕಳು ಮತ್ತು ಅಡುಗೆ ಅವಳ ಪಾಲಿಗೆ. ಡಯಾಪರ್ ಬದಲಿಸುವ ಕೈ ಆ ದಿನ ಊಟದ ಪಾತ್ರೆ ಮುಟ್ಟಬಾರದು ಎಂಬುದು ನಮ್ಮ ಕಟ್ಟುನಿಟ್ಟು. ಒಬ್ಬರೇ ನಡೆಸುವವರಿಗೆ ಇದು ಸಾಧ್ಯವಿಲ್ಲ ಎಂದು ಬಲ್ಲೆ. ಅಂಥವರು ತುರ್ತಿಗೆ ಬಂದು ನಿಲ್ಲಬಲ್ಲ ಒಬ್ಬರನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳುವುದು ಅಗತ್ಯ ಎಂದು ನನ್ನ ಗಟ್ಟಿಯಾದ ಅಭಿಪ್ರಾಯ. ಹುಡುಗನನ್ನು ಪಕ್ಕದ ಕೋಣೆಗೆ ಕರೆದೊಯ್ದೆ. ನಡುವಿನ ಬಾಗಿಲು ತೆರೆದೇ ಇತ್ತು, ಅಡ್ಡಕ್ಕೆ ಸಣ್ಣ ಗೇಟು. ಮಗುವನ್ನು ಬೇರೆ ಇಡುವುದು ಶಿಕ್ಷೆಯಂತೆ ಕಾಣಬಾರದು. ಅವನಿಗೆ ಗೆಳೆಯರ ದನಿ ಕೇಳುತ್ತಿರಬೇಕು, ನನ್ನ ಮಡಿಲೂ ಸಿಗಬೇಕು.

ಅಲ್ಲಿ ಕುಳಿತು ಹತ್ತು ನಿಮಿಷವಾಗಿರಬಹುದು, ಅವನು ವಾಂತಿ ಮಾಡಿಕೊಂಡ. ನನ್ನ ಮೇಲೆ, ಚಾಪೆಯ ಮೇಲೆ, ಗೋಡೆಯ ಬುಡದವರೆಗೂ.

ಆಗ ಮನಸ್ಸು ಮೊದಲು ಓಡುವುದು ಒರೆಸುವ ಬಟ್ಟೆಯ ಕಡೆಗೆ. ಆದರೆ ಮಗು ಮೊದಲು. ಅವನನ್ನು ಮುಂದಕ್ಕೆ ಬಾಗಿಸಿ ಹಿಡಿದುಕೊಂಡೆ, ಬಾಯಿ ಒರೆಸಿದೆ, ಬಟ್ಟೆ ಬಿಚ್ಚಿ ಬೆಚ್ಚಗಿನ ನೀರಿನಲ್ಲಿ ಮೈ ತೊಳೆದೆ. ಹೆದರಿ ನಡುಗುತ್ತಿದ್ದ. "ಆಯಿತು ಕಂದ, ಹೋಯಿತು" ಎಂದು ಹೇಳುತ್ತಲೇ ವಾಂತಿಯ ಬಣ್ಣವನ್ನು ಗಮನಿಸಿದೆ. ಬೆಳಿಗ್ಗೆ ಕುಡಿದ ಹಾಲು, ಅಷ್ಟೆ. ಹಸಿರು ಪಿತ್ತವಿದ್ದರೆ, ರಕ್ತವಿದ್ದರೆ, ಹೊಟ್ಟೆ ಗಟ್ಟಿಯಾಗಿ ಉಬ್ಬಿದ್ದರೆ, ಮಗು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ತಾಯಿ ಬರಲಿ ಎಂದು ಕಾಯುವಂತಿಲ್ಲ. ಅದು ಸೀದಾ ಆಸ್ಪತ್ರೆಯ ವಿಷಯ. ತಲೆಗೆ ಪೆಟ್ಟು ಬಿದ್ದ ಮೇಲೆ ಬರುವ ವಾಂತಿಯೂ ಹಾಗೆಯೇ, ಅದು ಹೊಟ್ಟೆಯ ಕಾಯಿಲೆಯೇ ಅಲ್ಲ. ಓಡಿ ಬಿದ್ದು ಏಳುವ ಈ ವಯಸ್ಸಿನವರಲ್ಲಿ ಇದನ್ನು ಮರೆಯಬಾರದು.

ಸ್ವಚ್ಛಗೊಳಿಸುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಆತುರ ಪಡುವುದು ಇಲ್ಲಿಯೇ. ನೊರೊವೈರಸ್‌ನ ಕೆಲವೇ ಕಣಗಳು ಸಾಕು, ಇನ್ನೊಂದು ಮಗು ಮಲಗಲು. ವಾಂತಿ ಚಿಮ್ಮಿದಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಯಲ್ಲಿ ಹರಡಿ, ಕಲೆ ಕಾಣುವ ಜಾಗಕ್ಕಿಂತ ಬಹಳ ದೂರ ಬೀಳುತ್ತವೆ. ನೆಲದ ಮೇಲೆ, ಆಟಿಕೆಯ ಮೇಲೆ ಅವು ದಿನಗಟ್ಟಲೆ ಬದುಕಿರುತ್ತವೆ. ಮಾಮೂಲಿ ನೆಲ ಒರೆಸುವ ದ್ರವ ಇವುಗಳಿಗೆ ಸಾಲದು. ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಕೂಡ ನೊರೊವೈರಸ್ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟು ನಿಶ್ಚಿಂತರಾಗಿರುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಸೋಪು, ಹರಿಯುವ ನೀರು, ಕನಿಷ್ಠ 20 ಸೆಕೆಂಡು ಉಜ್ಜುವುದು: ಇದಕ್ಕೆ ಬದಲಿ ಇಲ್ಲ.

ಓರಗಿತ್ತಿ ಮಕ್ಕಳನ್ನೆಲ್ಲ ಹೊರಗಿನ ಅಂಗಳಕ್ಕೆ ಕರೆದುಕೊಂಡು ಹೋದಳು. ಕಿಟಕಿ ತೆರೆದೆ, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡೆ. ಕಾಗದದ ಟವೆಲ್ ಹೊದಿಸಿ, ಹೊರಗಿನಿಂದ ಒಳಕ್ಕೆ ಮೆಲ್ಲನೆ ಬಳಿದು, ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಪೊರಕೆಯಾಗಲಿ ವ್ಯಾಕ್ಯೂಮ್ ಆಗಲಿ ಬಳಸುವುದಿಲ್ಲ, ಅವು ಇನ್ನಷ್ಟು ಹರಡುತ್ತವೆ. ನಂತರ ಸೋಪು ನೀರು. ಕೊಳೆ ಉಳಿದಿದ್ದರೆ ಬ್ಲೀಚ್ ತನ್ನ ಶಕ್ತಿಯನ್ನು ಆ ಕೊಳೆಯ ಮೇಲೆಯೇ ಕಳೆದುಕೊಳ್ಳುತ್ತದೆ, ಆದ್ದರಿಂದ ತೊಳೆಯುವುದು ಮೊದಲು. ಆಮೇಲೆ ಬ್ಲೀಚ್. ಬಾಟಲಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ 5 ಪ್ರತಿಶತ ಎಂದಿದ್ದರೆ ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಕನಿಷ್ಠ ಪ್ರಮಾಣ. ವಾಂತಿ ಬಿದ್ದ ಜಾಗಕ್ಕೆ ನಾನು ಇನ್ನೂ ಗಟ್ಟಿಯಾಗಿ ಬೆರೆಸುತ್ತೇನೆ. ಬಳಿದ ಮೇಲೆ ಕನಿಷ್ಠ ಐದು ನಿಮಿಷ ಹಾಗೆಯೇ ಒದ್ದೆಯಾಗಿ ಬಿಡಬೇಕು. ಹಚ್ಚಿದ ಕೂಡಲೇ ಒರೆಸಿದರೆ ಬ್ಲೀಚಿನ ವಾಸನೆಯ ಜೊತೆಗೆ ವೈರಸ್ಸೂ ಉಳಿಯುತ್ತದೆ. ಬೆರೆಸಿದ ನೀರು ಆ ದಿನಕ್ಕೆ ಮಾತ್ರ. ಮರುದಿನಕ್ಕೆ ಸತ್ವ ಇಳಿದಿರುತ್ತದೆ. ಶೌಚಾಲಯ ತೊಳೆಯುವ ಆಮ್ಲದ ಜೊತೆ, ವಿನೆಗರ್ ಜೊತೆ ಬ್ಲೀಚನ್ನು ಎಂದಿಗೂ ಸೇರಿಸಬಾರದು. ಏಳುವ ಅನಿಲ ವಿಷ, ಮಕ್ಕಳಿರುವ ಮನೆಯಲ್ಲಂತೂ ದೊಡ್ಡ ಅಪಾಯ.

ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚು, ಡಯಾಪರ್ ಬದಲಿಸುವ ಹಾಸು, ಮಕ್ಕಳು ಶೌಚಕ್ಕೆ ಕೂರುವ ಪಾಟಿ, ಆ ಬೆಳಿಗ್ಗೆ ಅವನ ಕೈಗೆ ಸಿಕ್ಕಿದ್ದ ಪ್ಲಾಸ್ಟಿಕ್ ಆಟಿಕೆಗಳು, ಎಲ್ಲಕ್ಕೂ ಅದೇ ಉಪಚಾರ. ಬಾಯಿಗೆ ಹೋಗುವ ಆಟಿಕೆಗಳನ್ನು ಕೊನೆಗೆ ಚೆನ್ನಾಗಿ ನೀರಿನಲ್ಲಿ ತೊಳೆದೆ. ಬಟ್ಟೆಯ ಗೊಂಬೆಗಳನ್ನು ಕೊಡವದೆ, ಬಿಸಿ ನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿದೆ. ಒಗೆಯಲಾಗದ ಪುಸ್ತಕಗಳನ್ನು ಕಪಾಟಿನ ಮೇಲಕ್ಕೆ ಏರಿಸಿದೆ. ಹುಡುಗನ ಬಟ್ಟೆಯನ್ನು ನಾನು ತೊಳೆಯಲಿಲ್ಲ. ಗಟ್ಟಿ ಮಲಿನವನ್ನಷ್ಟೇ ತೆಗೆದು, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮನೆಗೆ ಕಳಿಸುವುದು ನಮ್ಮ ಪದ್ಧತಿ. ಡೇಕೇರ್‌ನ ಸಿಂಕಿನಲ್ಲಿ ಜಾಲಾಡಿದರೆ ಸೋಂಕು ಆ ಸಿಂಕಿಗೂ ತಗಲುತ್ತದೆ.

ಇಷ್ಟರ ನಡುವೆ ಮಗುವಿನ ಬಾಯಿ ಒಣಗಬಾರದು. ವಾಂತಿಯಾದ ಮೇಲೆ ಸುಮಾರು ಹತ್ತು ನಿಮಿಷ ಸುಮ್ಮನೆ ಬಿಟ್ಟೆ. ಆಮೇಲೆ ಓಆರ್‌ಎಸ್, ಚಮಚದಲ್ಲಿ, ಒಂದೆರಡು ನಿಮಿಷಕ್ಕೊಮ್ಮೆ. ಬಾಯಾರಿದ ಮಗು ಲೋಟವನ್ನೇ ಕಿತ್ತುಕೊಳ್ಳಲು ನೋಡುತ್ತದೆ. ಗಟಗಟ ಕುಡಿಸಿದರೆ ಅಷ್ಟೂ ಹೊರಬರುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ಬೆರೆಸಬೇಕು. ಅರ್ಧ ಪೊಟ್ಟಣ, ಕಣ್ಣಂದಾಜಿನ ನೀರು ಎಂಬ ಲೆಕ್ಕ ಬೇಡ; ಉಪ್ಪು ಹೆಚ್ಚಾದರೆ ಅಪಾಯ, ಕಡಿಮೆಯಾದರೆ ಪ್ರಯೋಜನವಿಲ್ಲ. ಉಪ್ಪು ಮತ್ತು ಸಕ್ಕರೆ ಜೊತೆಗಿದ್ದಾಗ ಕರುಳು ನೀರನ್ನು ಒಳಗೆಳೆದುಕೊಳ್ಳುತ್ತದೆ, ಭೇದಿ ನಡೆಯುತ್ತಿರುವಾಗಲೂ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳದ ಮೂಲಕ ಕೊಡುವ ದ್ರವ ಸಾಲದಾದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಈ ಬಗೆಯ ದ್ರಾವಣವನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಅದನ್ನು ಓದಿದ ಮೇಲೆ ನನ್ನ ಕೈಯಲ್ಲಿನ ಚಮಚದ ಬಗ್ಗೆ ನನಗೆ ಸಂದೇಹ ಉಳಿದಿಲ್ಲ. ಇದಕ್ಕೆ ತಂದೆತಾಯಿಯ ಒಪ್ಪಿಗೆಯನ್ನು ಸೇರಿಸಿಕೊಳ್ಳುವಾಗಲೇ ಬರಹದಲ್ಲಿ ಪಡೆದಿರುತ್ತೇನೆ. ಬೇರಾವ ಔಷಧಿಯನ್ನೂ ವೈದ್ಯರ ಚೀಟಿಯಿಲ್ಲದೆ ಕೊಡುವುದಿಲ್ಲ. ದೊಡ್ಡವರು ನುಂಗುವ ಭೇದಿ ನಿಲ್ಲಿಸುವ ಮಾತ್ರೆಯಂತೂ ಚಿಕ್ಕ ಮಕ್ಕಳಿಗೆ ಕೂಡದೇ ಕೂಡದು.

ತಾಯಿಗೆ ಫೋನು ಮಾಡಿದಾಗ ನಾನು ಕಾಯಿಲೆಯ ಹೆಸರು ಹೇಳಲಿಲ್ಲ. ಅದು ವೈದ್ಯರ ಕೆಲಸ. ಏನಾಯಿತು, ಎಷ್ಟು ಹೊತ್ತಿಗೆ, ಎಷ್ಟು ಸಲ, ಮೈ ಬಿಸಿ ಎಷ್ಟಿದೆ, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಇಷ್ಟನ್ನೇ ಓದಿ ಹೇಳಿದೆ.

"ಜ್ವರ ಇಲ್ಲವಲ್ಲ ಅಕ್ಕ. ಮಧ್ಯಾಹ್ನದ ಮೀಟಿಂಗ್ ಮುಗಿಸಿ ಬಂದರೆ ಆಗುವುದಿಲ್ಲವೇ?"

"ಮೀಟಿಂಗ್ ಮುಖ್ಯ ಎಂದು ನನಗೆ ಗೊತ್ತು. ಆದರೆ ಅವನಿಗೆ ಈಗ ನೀವು ಬೇಕು. ಇಲ್ಲಿ ಇನ್ನೂ ಸಣ್ಣ ಮಗು ಒಂದಿದೆ, ಅದಕ್ಕೂ ಅಂಟಬಾರದು. ನಿಮಗೆ ಆಗದಿದ್ದರೆ ಅವರಪ್ಪನನ್ನು ಕಳಿಸಿ, ಅವರು ಬರುವವರೆಗೂ ನಾನು ಬಿಟ್ಟು ಏಳುವುದಿಲ್ಲ."

ಅವಳಿಗೆ ಸಿಟ್ಟು ಬರಲಿಲ್ಲ, ಅಳು ಬಂತು. ಕೆಲಸಕ್ಕೆ ಹೋಗುವ ತಾಯಿಗೆ ಈ ಕರೆ ಎಷ್ಟು ಭಾರ ಎಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕಾಗಿಯೇ ನಮ್ಮ ನಿಯಮ ಸೇರಿಸಿಕೊಳ್ಳುವ ದಿನವೇ ಕೊಡುವ ಹಾಳೆಯಲ್ಲಿದೆ: ಒಂದು ಸಲ ವಾಂತಿ ಮತ್ತು ಭೇದಿ ಎರಡೂ ಆದರೆ, ಇಲ್ಲವೇ ಎರಡರಲ್ಲಿ ಒಂದು ಮರುಕಳಿಸಿದರೆ ಮಗುವನ್ನು ಕರೆದೊಯ್ಯಬೇಕು, ಕೊನೆಯ ವಾಂತಿ ಅಥವಾ ಭೇದಿಯಾಗಿ 48 ಗಂಟೆ ಕಳೆದ ಮೇಲೆ ಮರಳಬಹುದು. ಹಾಳೆಯಲ್ಲಿ ಇಲ್ಲದಿದ್ದರೆ ಆ ಮಧ್ಯಾಹ್ನ ನಾನು ಅವಳ ಅಳುವಿಗೆ ಕರಗಿ ಸಂಜೆಯವರೆಗೂ ಇಟ್ಟುಕೊಳ್ಳುತ್ತಿದ್ದೆನೋ ಏನೋ. ತಂದೆ ಬಂದು ಕರೆದೊಯ್ದರು.

ಆ ಸಂಜೆಯೇ ಎಲ್ಲ ತಂದೆತಾಯಿಯರಿಗೂ ಸಂದೇಶ ಕಳಿಸಿದೆ. ಮಗುವಿನ ಹೆಸರಿಲ್ಲ, ಗುರುತು ಹಿಡಿಯುವ ಸುಳಿವಿಲ್ಲ: "ಇಂದು ಒಂದು ಮಗುವಿಗೆ ವಾಂತಿ ಮತ್ತು ಭೇದಿ ಆಗಿದೆ. ಸೋಂಕು ಇರಬಹುದು. ಮುಂದಿನ ಎರಡು ದಿನ ನಿಮ್ಮ ಮಗುವನ್ನು ಗಮನಿಸಿ. ರಾತ್ರಿ ವಾಂತಿಯಾದರೆ ಬೆಳಿಗ್ಗೆ ಕಳಿಸಬೇಡಿ, ನನಗೆ ತಿಳಿಸಿ." ಖಚಿತವಾಗದೆ ಹೇಳಿ ಜನರನ್ನು ಹೆದರಿಸಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಲ ಪರೀಕ್ಷೆ ಮಾಡಿಸುವುದು ಬಹಳ ಅಪರೂಪ, ಖಚಿತವಾಗುವ ಹೊತ್ತಿಗೆ ವೈರಸ್ ಎಲ್ಲ ಮನೆಗಳನ್ನೂ ಸುತ್ತಿ ಬಂದಿರುತ್ತದೆ. ಯಾರ ಮಗು ಎಂದು ಒಬ್ಬರು ಫೋನು ಮಾಡಿ ಕೇಳಿದರು. ಹೇಳಲಾಗದು ಎಂದೆ, ನಿಮ್ಮ ಮಗುವಿಗೆ ಆದಾಗಲೂ ಹೀಗೆಯೇ ಹೇಳದಿರುತ್ತೇನೆ ಎಂದೆ. ಅವರು ಒಪ್ಪಿಕೊಂಡರು.

ಆ ಸಣ್ಣ ಮಗುವಿನ ಬಗ್ಗೆಯೇ ನನಗೆ ಹೆಚ್ಚು ಭಯವಿತ್ತು. ಒಂದು ವರ್ಷ ತುಂಬಿ ಸ್ವಲ್ಪ ದಿನವಾಗಿತ್ತು. ರೋಟಾವೈರಸ್ ಲಸಿಕೆಯ ಹನಿಗಳು ಬಿದ್ದಿದ್ದವು, ಸೇರಿಸಿಕೊಳ್ಳುವಾಗಲೇ ಲಸಿಕೆಯ ಕಾರ್ಡ್ ನೋಡಿದ್ದೆ. ಆದರೆ ನೊರೊವೈರಸ್‌ಗೆ ಮಕ್ಕಳಿಗೆ ಕೊಡುವ ಲಸಿಕೆ ಇನ್ನೂ ಇಲ್ಲ. ಅವಳಿಗೆ ಮರುದಿನ ಮಧ್ಯಾಹ್ನ, ನಿದ್ದೆಯಿಂದ ಎದ್ದ ಕೂಡಲೇ ಶುರುವಾಯಿತು. ಹುಡುಗನಂತೆ ಒಂದೆರಡು ಸಲಕ್ಕೆ ನಿಲ್ಲಲಿಲ್ಲ. ಕುಡಿಸಿದ ಚಮಚವೂ ತಿರುಗಿ ಬರುತ್ತಿತ್ತು. ಐದು ನಿಮಿಷಕ್ಕೊಮ್ಮೆ, ಇನ್ನೂ ಕಡಿಮೆ ಕೊಟ್ಟು ನೋಡಿದೆ. ತಾಯಿ ಅರ್ಧ ದಾರಿಯಲ್ಲಿದ್ದಾಗ ಅಳು ಬಂದರೂ ಕಣ್ಣೀರು ಬರುತ್ತಿರಲಿಲ್ಲ. ತುಟಿ ಒಣಗಿತ್ತು, ಕಣ್ಣು ಒಳಗೆ ಹೋದಂತೆ ಕಾಣುತ್ತಿತ್ತು. ಹೊಟ್ಟೆಯ ಚರ್ಮವನ್ನು ಮೆಲ್ಲನೆ ಚಿವುಟಿ ಬಿಟ್ಟರೆ ಕೂಡಲೇ ಮಟ್ಟಸವಾಗದೆ ನಿಧಾನವಾಗಿ ಇಳಿಯುತ್ತಿತ್ತು. ಡಯಾಪರ್ ಬೆಳಿಗ್ಗೆಯಿಂದ ಒಣಗಿಯೇ ಇತ್ತು. ಇವು ಮೈಯಲ್ಲಿ ನೀರು ಕಡಿಮೆಯಾದುದರ ಗುರುತುಗಳು. ಎಷ್ಟು ಸಲ ವಾಂತಿಯಾಯಿತು ಎಂಬುದಕ್ಕಿಂತ ಈ ಗುರುತುಗಳನ್ನು ನೋಡಬೇಕು. ತಾಯಿಗೆ ಫೋನು ಮಾಡಿ, ಮನೆಗೆ ಬೇಡ, ಸೀದಾ ಆಸ್ಪತ್ರೆಗೆ ಬನ್ನಿ, ನಾನೇ ಕರೆತರುತ್ತೇನೆ ಎಂದೆ. ಉಳಿದ ಮಕ್ಕಳನ್ನು ಓರಗಿತ್ತಿಗೆ ಒಪ್ಪಿಸಿ ಹೊರಟೆ.

ವೈದ್ಯರು ಕೇಳಿದ ಮೊದಲ ಪ್ರಶ್ನೆ ಮೂತ್ರದ ಬಗ್ಗೆ. ನಾವು ಪ್ರತಿ ಮಗುವಿಗೂ ಒಂದು ಪುಟ ಇಟ್ಟಿದ್ದೇವೆ; ಊಟ, ನಿದ್ದೆ, ಡಯಾಪರ್, ಎಲ್ಲಕ್ಕೂ ಸಮಯದ ಸಮೇತ. ಆ ಪುಟವನ್ನೇ ಅವರ ಮುಂದಿಟ್ಟೆ. ಮಾತಿಗಿಂತ ಅದು ಬೇಗ ಕೆಲಸ ಮಾಡಿತು. ಅಲ್ಲಿಯೇ ಕೆಲವು ಗಂಟೆ ಇಟ್ಟುಕೊಂಡು, ಸಿರಿಂಜಿನಲ್ಲಿ ಓಆರ್‌ಎಸ್ ಹನಿಹನಿಯಾಗಿ ಕುಡಿಸಿದರು. ಡ್ರಿಪ್ ಹಾಕುವ ಪ್ರಸಂಗ ಬರಲಿಲ್ಲ. ವೈರಸ್ಸಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ ಎಂದು ಅದನ್ನು ಬರೆಯಲಿಲ್ಲ. ಸತು, ಅಂದರೆ ಜಿಂಕ್, ದಿನಕ್ಕೆ 20 ಮಿಲಿಗ್ರಾಂನಂತೆ ಎರಡು ವಾರ ಕೊಡಲು ಹೇಳಿದರು. ಭೇದಿ ನಿಂತ ಮೇಲೂ ಅದನ್ನು ಪೂರ್ತಿ ಮುಗಿಸಬೇಕು. ಎದೆಹಾಲು ನಿಲ್ಲಿಸಬೇಡಿ, ಹಸಿವಾದ ಕೂಡಲೇ ಎಂದಿನ ಊಟ ಕೊಡಿ, ಉಪವಾಸ ಕೆಡವಬೇಡಿ ಎಂದರು. ಸಂಜೆ ಡಯಾಪರ್ ಒದ್ದೆಯಾಗಿದೆ ಎಂದು ತಾಯಿಯ ಸಂದೇಶ ಬಂದಾಗ ನನಗಾದ ಸಂತೋಷವನ್ನು ಈ ಕೆಲಸದಲ್ಲಿರುವವರು ಮಾತ್ರ ತಿಳಿಯಬಲ್ಲರು.

ಆ ರಾತ್ರಿ ಓರಗಿತ್ತಿಗೂ ಹೊಟ್ಟೆ ನುಲಿಯಿತು. ಸೋಂಕು ತಗಲಿದ ದೊಡ್ಡವರು ಅಡುಗೆ ಮಾಡುವಂತಿಲ್ಲ, ಮಕ್ಕಳನ್ನು ಎತ್ತುವಂತಿಲ್ಲ. 48 ಗಂಟೆಯ ನಿಯಮ ನಮಗೂ ಅದೇ. ಒಬ್ಬಳೇ ಎಲ್ಲ ಮಕ್ಕಳನ್ನೂ ನೋಡಿಕೊಳ್ಳಲಾಗದು. ಡೇಕೇರ್ ಮುಚ್ಚಿದೆವು. ನಾವು ಮುಚ್ಚಿದ ದಿನಗಳಿಗೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ನಷ್ಟವೇ ಸರಿ, ಆದರೆ ಹಣದ ಲೆಕ್ಕ ನಡುವೆ ಬಂದರೆ ತಂದೆತಾಯಿಯರೂ ಕಾಯಿಲೆ ಮುಚ್ಚಿಡುತ್ತಾರೆ, ನಾವೂ ಮುಚ್ಚಿಡುತ್ತೇವೆ.

ತೆರೆದ ದಿನ ಬಾಗಿಲಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. ಈ ನಡುವೆ ಕಾಯಿಲೆ ಬಿದ್ದಿದ್ದ ಮೂರನೆಯ ಮಗುವಿನ ತಂದೆ ಅದನ್ನು ಎತ್ತಿಕೊಂಡು ನಿಂತಿದ್ದರು. ಮಗು ನಗುತ್ತಿತ್ತು, ಕೆನ್ನೆಯಲ್ಲಿ ಬಣ್ಣವಿತ್ತು. "ನಿನ್ನೆ ಮಧ್ಯಾಹ್ನದಿಂದ ಏನೂ ಇಲ್ಲ, ನೋಡಿ ಹೇಗೆ ಆಡುತ್ತಿದೆ" ಎಂದರು. ನಿಜ, ಆಡುತ್ತಿತ್ತು. ನೊರೊವೈರಸ್‌ನ ಲಕ್ಷಣಗಳು ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಹೋಗುತ್ತವೆ, ಮಗು ನಮಗಿಂತ ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ಅದು ಆಡುತ್ತಿರುವ ಹೊತ್ತಿನಲ್ಲೂ ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ, ಮೊದಲ ಎರಡು ದಿನ ಬಹಳ ಹೆಚ್ಚು. ಗಂಟೆ ಎಣಿಸಿ ತೋರಿಸಿದೆ. ನಾಳೆ ಮಧ್ಯಾಹ್ನದ ನಂತರ ತನ್ನಿ ಎಂದೆ. ಮುಖ ಗಂಟಿಕ್ಕಿಕೊಂಡೇ ಹೋದರು, ಹೋಗುವಾಗ ಮಗು ನನಗೆ ಕೈ ಬೀಸಿತು. ಆ ಕ್ಷಣ ನೋವಾಯಿತು. ಆದರೂ ಒಳಗೆ ಆಸ್ಪತ್ರೆಯಿಂದ ಬಂದ ಆ ಪುಟ್ಟ ಹುಡುಗಿಯ ಹಾಸಿಗೆ ಇನ್ನೂ ಖಾಲಿಯಿತ್ತು. ಅವಳು ಮರಳಿದಾಗ ಮತ್ತೊಮ್ಮೆ ಸೋಂಕು ಅಂಟುವುದು ನನಗೆ ಬೇಕಿರಲಿಲ್ಲ.

ಈಗ ಎಲ್ಲರೂ ಬಂದಿದ್ದಾರೆ. ಗುಣವಾದ ಮೇಲೂ ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಮಲದಲ್ಲಿ ನೊರೊವೈರಸ್ ಇರಬಲ್ಲದು. ಹಾಗಾಗಿ ಡಯಾಪರ್ ಹಾಸನ್ನು ಪ್ರತಿ ಸಲವೂ ಬ್ಲೀಚ್ ನೀರಿನಿಂದ ಒರೆಸುತ್ತಿದ್ದೇವೆ, ಪಾಟಿ ಕಲಿಯುತ್ತಿರುವ ಮಕ್ಕಳ ಕೈಯನ್ನು ನಾವೇ ಹಿಡಿದು ತೊಳೆಸುತ್ತಿದ್ದೇವೆ. ನೀರಿನ ಟಬ್ಬಿನ ಆಟ, ಮಕ್ಕಳು ಹಿಟ್ಟು ನಾದುವ ಆಟ ಸದ್ಯಕ್ಕಿಲ್ಲ; ಈ ತಿಂಗಳು ಕಳೆದ ಮೇಲೆ ಮತ್ತೆ ಶುರುಮಾಡುತ್ತೇವೆ.